ಎಲೆಯ ಕೆಳಗಿನ ಚೀಟಿ

ನಾಲ್ಕಕ್ಷರ ಕಲಿತದ್ದೇ ಇವಳ ತಲೆ ಕೆಡಿಸಿತು ಎಂದು ನಮ್ಮತ್ತೆ ಸಾಯುವವರೆಗೂ ಹೇಳುತ್ತಿದ್ದರು. ಆಗೆಲ್ಲ ಮೈ ಉರಿಯುತ್ತಿತ್ತು. ಈಗ ನನಗೇ ಅವರಿಗಿಂತ ಹೆಚ್ಚು ವಯಸ್ಸಾಗಿದೆ, ಆ ಮಾತಿನಲ್ಲಿ ಅರ್ಧ ನಿಜವಿತ್ತು ಎಂದು ಒಪ್ಪುತ್ತೇನೆ. ಉಳಿದರ್ಧ ನನ್ನ ಆಸೆಬುರುಕತನ. ಅದಕ್ಕೆ ಅಕ್ಷರವನ್ನು ಬೈದು ಏನು ಬಂತು?

ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ನಾನು ಸೊಸೆಯಾಗಿ ಬಂದು ಮೂರನೆಯ ವರ್ಷ. ದೂರದಲ್ಲೆಲ್ಲೋ ಯುದ್ಧ ನಡೆಯುತ್ತಿತ್ತು. ಎಷ್ಟು ದೂರ ಎಂದು ನಮಗೆ ಗೊತ್ತಿರಲಿಲ್ಲ. ನೂಲಿಗೆ, ಸೀಮೆಎಣ್ಣೆಗೆ, ಅಕ್ಕಿಗೆ ಕಂಟ್ರೋಲು ಬಂದ ಮೇಲೆ ಅದು ನಮ್ಮ ಒಲೆಯವರೆಗೂ ಬಂದಿದೆ ಎಂದು ತಿಳಿಯಿತು. ನಮ್ಮ ಮನೆಯಲ್ಲಿ ಎರಡು ಗುಂಡಿಮಗ್ಗ. ನೂಲು ಸಿಕ್ಕ ವಾರ ಬೀದಿಗೆ ಬೀದಿಯೇ ಟಕಟಕ ಎನ್ನುತ್ತಿತ್ತು. ಸಿಗದ ವಾರ ಗಂಡಸರು ಜಗಲಿಯ ಮೇಲೆ ಕೂತು ಬೀಡಿ ಸೇದುತ್ತ ಯಾವ ದೇಶ ಗೆಲ್ಲುತ್ತದೆ ಎಂದು ಪಂಚಾಯ್ತಿ ಮಾಡುತ್ತಿದ್ದರು. ಅವರ ಪಂಚಾಯ್ತಿಯಿಂದ ನಮ್ಮ ಮನೆಯಲ್ಲಿ ರಾಗಿ ಬೇಯುತ್ತಿರಲಿಲ್ಲ.

ನಮ್ಮೆದುರು ಮನೆಯಲ್ಲಿ ಒಬ್ಬ ಹೆಂಗಸಿದ್ದಳು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬೀದಿಯ ಮಗ್ಗಗಳಿಗೆ ಕಂಡಿಕೆ ಸುತ್ತಿಕೊಟ್ಟು ಬದುಕುತ್ತಿದ್ದಳು. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿ. ಅದು ಸಡಿಲವಾದರೆ ನೇಯುವವನ ಬಾಯಿಂದ ಬೈಗುಳ ತಪ್ಪಿದ್ದಲ್ಲ. ತವರಿನಲ್ಲಿ ಮುದ್ದಿನಿಂದ ಬೆಳೆದ ನನಗೆ ಕಂಡಿಕೆ ಸುತ್ತಲು ಕಲಿಸಿದವಳು ಅವಳೇ. ಮೊದಮೊದಲು ನಾನು ಸುತ್ತಿದ್ದನ್ನು ಅತ್ತೆ ನೋಡುವ ಮುಂಚೆ ತಾನು ಬಿಚ್ಚಿ ಸರಿಯಾಗಿ ಸುತ್ತಿ ನನ್ನ ಬುಟ್ಟಿಗೇ ಹಾಕಿಬಿಡುತ್ತಿದ್ದಳು. ದೇವನಹಳ್ಳಿಯಲ್ಲಿದ್ದ ಅವಳ ತಮ್ಮ ವರ್ಷಕ್ಕೊಮ್ಮೆ ಎರಡು ಚಕ್ಕೋತ ತಂದುಕೊಟ್ಟರೆ ಅದರಲ್ಲೊಂದು ನನಗೆ. ನನಗೆ ಬಸಿರು ನಿಲ್ಲದೆ ಹೋದಾಗ ಬೀದಿಯವರು ಬಾಯಿಗೊಂದು ಮಾತಾಡಿದರು. ಇವಳು ಮಾತ್ರ ಬಂದು ಪಕ್ಕದಲ್ಲಿ ಕೂತು ರಾಟೆ ತಿರುಗಿಸಿದಳು, ಒಂದು ಮಾತೂ ಆಡಲಿಲ್ಲ.

ಅವಳಿಗಿದ್ದದ್ದು ಒಂದೇ ಆಸೆ. ಶಿವಗಂಗೆ ಬೆಟ್ಟಕ್ಕೆ ಹೋಗಬೇಕು, ಅಲ್ಲಿ ಲಿಂಗಕ್ಕೆ ತುಪ್ಪ ಸವರಿದರೆ ಬೆಣ್ಣೆಯಾಗುತ್ತದಲ್ಲ, ಅದನ್ನು ಕಣ್ಣಾರೆ ನೋಡಬೇಕು. ಕರೆದುಕೊಂಡು ಹೋಗುತ್ತೇನೆ ಎಂದಿದ್ದ ಗಂಡ ಮಾತು ಉಳಿಸಿಕೊಳ್ಳುವ ಮೊದಲೇ ಹೋಗಿಬಿಟ್ಟಿದ್ದ. ಅದಕ್ಕೆಂದು ಒಂದು ಹಳೆಯ ರವಿಕೆಯ ಬಟ್ಟೆಯಲ್ಲಿ ಕಾಸು ಗಂಟು ಹಾಕಿಟ್ಟಿದ್ದಳು.

ಈಗ ನನ್ನ ಅಕ್ಷರದ ಕಥೆ. ಒಂದು ದಿನ ನಮ್ಮ ಬೀದಿಗೆ ಒಂದು ಪೋಸ್ಟ್ ಕಾರ್ಡು ಬಂತು. ದೇವರ ಮಹಿಮೆ ಬರೆದು, ಇದನ್ನು ಓದಿದವರು ಹನ್ನೊಂದು ಮಂದಿಗೆ ಬರೆದು ಕಳಿಸಬೇಕು, ಕಳಿಸಿದವನಿಗೆ ನಿಧಿ ಸಿಕ್ಕಿತು, ಹರಿದು ಹಾಕಿದವನು ರಕ್ತ ಕಾರಿ ಸತ್ತ ಎಂದಿತ್ತು. ಬೀದಿಯ ಹೆಂಗಸರಲ್ಲಿ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ. 'ಏ ನಮ್ಮವ್ವಾ, ನಂಗೂ ಹನ್ನೊಂದು ಬರ್ಕೊಡೇ' ಎಂದು ಮನೆ ಮುಂದೆ ಸಾಲು ನಿಂತರು. ಕೈ ಬೀಳುವಂತೆ ಬರೆದೆ. ಯಾರಿಗೂ ನಿಧಿ ಸಿಗಲಿಲ್ಲ. ನನಗೆ ಮಾತ್ರ ಒಂದು ಸಿಕ್ಕಿತು. ಅದುವರೆಗೆ 'ಬಂಜೆ ಸೊಸೆ'ಯಾಗಿದ್ದವಳು 'ಓದಿದ ಸೊಸೆ'ಯಾದೆ. ಆ ರುಚಿ ನಾಲಿಗೆಗೆ ಹತ್ತಿತು ನೋಡಿ, ಕೆಟ್ಟೆ.

ಪೋಸ್ಟ್ ಕಾರ್ಡಿನ ಹಿಂದೆಯೇ ಟಿಕೆಟ್ಟಿನ ಮನುಷ್ಯ ಬಂದ. ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬೆಂಗಳೂರು ಬಸ್ಸಿನಿಂದ ಇಳಿದ ಅವನ ಕೋಟಿನ ತುಂಬ ಮಸಿ. ಮಾತು ಮಾತ್ರ ಮಸಿಯಿಲ್ಲದ ಮಾತು. ನಮ್ಮ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು ಒಂದು ಬಣ್ಣದ ಚಿತ್ರ ಬಿಚ್ಚಿದ. ಹೊಲಿಗೆ ಯಂತ್ರ. ಕರಿ ಮೈ, ಅದರ ಮೇಲೆ ಬಂಗಾರದ ಬಳ್ಳಿ.

'ಎರಡು ರೂಪಾಯಿಗೆ ಒಂದು ಟಿಕೆಟ್ಟು ತಾಯಿ. ಟಿಕೆಟ್ಟಿಗೆ ನಾಲ್ಕು ಬಾಲ. ನೀವು ನಾಲ್ಕು ಜನಕ್ಕೆ ಒಂದೊಂದು ಬಾಲ ಕೊಡ್ಬೇಕು. ಅವರು ಎರಡೆರಡು ರೂಪಾಯಿ ಕೊಟ್ರೆ ಅವರಿಗೂ ನಾಲ್ಕು ಬಾಲದ ಟಿಕೆಟ್ಟು ಬರುತ್ತೆ. ನಿಮ್ಮ ನಾಲ್ಕು ಜನ ತಲೆಗೆ ನಾಲ್ಕು ಜನನ ಹಿಡಿದ್ರೋ, ಮುಗೀತು, ಈ ಯಂತ್ರ ನಿಮ್ಮ ಮನೆಗೆ ಬಂದು ಕೂತ್ಕೊಳುತ್ತೆ.'

'ಅವರಿಗೆ?' ಎಂದರು ನನ್ನ ಗಂಡ. ಅವರು ಮಾತು ಕಮ್ಮಿ.

'ಅವರ ಕೆಳಗಿನವರು ನಾಲ್ಕು ನಾಲ್ಕು ಹಿಡಿದ್ರೆ ಅವರಿಗೂ ಬರುತ್ತೆ. ಎಲ್ರಿಗೂ ಬರುತ್ತೆ ಸ್ವಾಮಿ. ಅಂಗಡಿಯಿಲ್ಲ, ಬಾಡಿಗೆಯಿಲ್ಲ, ಆ ಲಾಭನೆಲ್ಲ ಕಂಪನಿ ನಿಮಗೇ ಹಂಚುತ್ತೆ.'

ಅವನು ಹೋದ ಮೇಲೆ ಗಂಡ ಜಗಲಿಯ ಮೇಲೆ ಸುಣ್ಣದ ಕಡ್ಡಿಯಿಂದ ಗೀಚಿ ತೋರಿಸಿದರು. 'ನಿನ್ನ ನಾಲ್ಕಕ್ಕೆ ಹದಿನಾರು. ಹದಿನಾರಕ್ಕೆ ಅರವತ್ನಾಲ್ಕು. ಅದಕ್ಕೆ ಇನ್ನೂರೈವತ್ತಾರು. ಆಮೇಲೆ ಸಾವಿರದ ಮೇಲೆ. ನಮ್ಮ ಬೀದೀಲಿರೋದು ಅರವತ್ತು ಮನೆ ಕಣೆ. ಎಳೆ ಎಲ್ಲಿಂದ ತರ್ತೀಯಾ?'

ನೇಕಾರರ ಮನೆಯಲ್ಲಿ ಇದಕ್ಕಿಂತ ಸರಿಯಾಗಿ ಯಾರು ಹೇಳಿಯಾರು? ಒಂದು ಸೀರೆಯ ಉದ್ದದ ಹಾಸುನೂಲಿಗೆ ಸಾವಿರಾರು ಎಳೆ ಬೇಕು. ಒಂದು ಎಳೆ ಕಮ್ಮಿಯಾದರೂ ಬಟ್ಟೆಯಲ್ಲಿ ಗೀರು ಕಾಣುತ್ತದೆ. ಅಷ್ಟು ಲೆಕ್ಕ ಬಲ್ಲ ಬೀದಿ ಅದು. ಆದರೆ ನನ್ನ ಕಣ್ಣಲ್ಲಿ ಬಂಗಾರದ ಬಳ್ಳಿ ಕೂತುಬಿಟ್ಟಿತ್ತು. ಮಗ್ಗ ನಿಂತ ವಾರಗಳಲ್ಲಿ ನಾನು ರವಿಕೆ ಹೊಲಿಯಬಹುದು, ಅತ್ತೆ ನನ್ನ ದುಡಿಮೆ ಉಣ್ಣಬೇಕು, ಮಕ್ಕಳಿಲ್ಲದವಳು ಎಂದ ಬಾಯಿಗಳು ನನ್ನ ಮನೆ ಬಾಗಿಲಿಗೆ ಬಟ್ಟೆ ಹಿಡಿದು ಬರಬೇಕು. 'ನಿಮಗೆ ಎಲ್ಲದಕ್ಕೂ ಕೊಂಕು' ಎಂದು ರೇಗಿ, ನನ್ನ ತವರಿನವರು ಕೊಟ್ಟಿದ್ದ ಎರಡು ರೂಪಾಯಿ ತೆಗೆದುಕೊಟ್ಟೆ.

ಕೊಟ್ಟದ್ದು ಸುಲಭ, ಹಿಡಿಯುವುದು ಕಷ್ಟ. ಬಾಯಲ್ಲಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ರೂಪಾಯಿ ಎಂದರೆ ಆಗ ಆಟವಲ್ಲ. ಶ್ರಾವಣ ಬಂತು. ಮೊದಲ ಶುಕ್ರವಾರ ಮನೆಗೆ ಮುತ್ತೈದೆಯರನ್ನು ಅರಿಸಿನ ಕುಂಕುಮಕ್ಕೆ ಕರೆದೆವು. ಹೊರಡುವಾಗ ಅವರು ಸೆರಗೊಡ್ಡುತ್ತಾರೆ, ನಾವು ಎರಡೆಲೆ, ಅಡಿಕೆ, ಬಾಳೆಹಣ್ಣು ಹಾಕುತ್ತೇವೆ. ಸೆರಗಿಗೆ ಬಿದ್ದ ತಾಂಬೂಲವನ್ನು ಬೇಡ ಎಂದು ಹಿಂದಿರುಗಿಸುವ ಹೆಂಗಸು ನಮ್ಮ ಬೀದಿಯಲ್ಲಿ ಹುಟ್ಟಿರಲಿಲ್ಲ. ಅದು ಕೊಟ್ಟ ಮನೆಗೂ ಕೇಡು, ತಿರುಗಿಸಿದ ಮನೆಗೂ ಕೇಡು. ಅಡುಗೆಮನೆಯಲ್ಲಿ ಎಲೆ ಒರೆಸುತ್ತಿದ್ದಾಗ ಅದು ನನ್ನ ತಲೆಗೆ ಹೊಳೆಯಿತು. ಯಾರೂ ಹೇಳಿಕೊಟ್ಟದ್ದಲ್ಲ. ಟಿಕೆಟ್ಟಿನ ಮನುಷ್ಯನಿಗೂ ಗೊತ್ತಿರದ ಉಪಾಯ. ಟಿಕೆಟ್ಟಿನಿಂದ ಒಂದು ಬಾಲ ಹರಿದು ಆ ಚೀಟಿಯನ್ನು ಎಲೆಯ ಕೆಳಗೆ ಇಟ್ಟೆ.

ಹಾಗೆ ಮೂವರು ಸಿಕ್ಕರು: ನನ್ನ ನಾದಿನಿ, ಮೂಲೆಮನೆಯಾಕೆ, ಬಣ್ಣ ಅದ್ದುವವನ ಹೆಂಡತಿ. ಮನೆಗೆ ಹೋಗಿ ಎಲೆ ತೆಗೆದಾಗ ಚೀಟಿ ನೋಡಿ ಬೈದುಕೊಂಡಿರಬೇಕು. ಆದರೂ ದುಡ್ಡು ತಂದುಕೊಟ್ಟರು. ಮೂಲೆಮನೆಯಾಕೆ ಮಾತ್ರ ಬಾಗಿಲಲ್ಲೇ ನಿಂತು, 'ಎಂಥಾ ಚಾಲಾಕಿ ಕಣೇ ನೀನು, ಲಕ್ಷ್ಮೀದೇವೀನೇ ಏಜೆಂಟ್ ಮಾಡ್ಕೊಂಡ್ಬಿಟ್ಟಲ್ಲ' ಎಂದಳು. ನಾನು ನಕ್ಕೆ. ಅದನ್ನು ಹೊಗಳಿಕೆ ಎಂದುಕೊಂಡೆ.

ಮುಂದಿನ ಶುಕ್ರವಾರ ಆ ಮೂವರೂ ಅದೇ ಉಪಾಯ ಮಾಡಿದರು. ಶ್ರಾವಣ ಮುಗಿಯುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಚೀಟಿಯಿಲ್ಲದ ತಾಂಬೂಲವೇ ಇರಲಿಲ್ಲ. ಅರಿಸಿನ ಕುಂಕುಮಕ್ಕೆ ಕರೆಯಲು ಯಾರಾದರೂ ಬರುವುದು ಕಂಡರೆ ಹೆಂಗಸರು ಹಿತ್ತಲ ಬಾಗಿಲಿಂದ ಓಡುತ್ತಿದ್ದರು. ಒಬ್ಬಳಂತೂ ಹೊಟ್ಟೆನೋವು ಎಂದು ಮೂರು ಶುಕ್ರವಾರ ಮಲಗಿಯೇ ಇದ್ದಳು. ಈಗ ನೆನೆದರೆ ನಗು ಬರುತ್ತದೆ, ಆಮೇಲೆ ನಾಚಿಕೆಯಾಗುತ್ತದೆ. ಊರಿನ ಒಂದು ಒಳ್ಳೆಯ ಪದ್ಧತಿಗೆ ಹುಳ ಬಿಟ್ಟವಳು ನಾನು.

ನನ್ನ ನಾಲ್ಕನೆಯ ಬಾಲ ಮಾತ್ರ ನನ್ನಲ್ಲೇ ಉಳಿಯಿತು. ಹೊಸಕೋಟೆಯ ನಂಟರೊಬ್ಬಾಕೆ ಬರುತ್ತಾಳೆ, ಅವಳಿಗೆ ಕೊಟ್ಟರಾಯಿತು ಎಂದು ಇಟ್ಟುಕೊಂಡಿದ್ದೆ. ಅವಳು ಬರಲಿಲ್ಲ. ಅಷ್ಟರಲ್ಲಿ ಬೀದಿಯ ಮುತ್ತೈದೆಯರೆಲ್ಲ ಯಾರದೋ ಬಾಲಕ್ಕೆ ಸಿಕ್ಕಿಹೋಗಿದ್ದರು. ಟಿಕೆಟ್ಟಿನ ಮನುಷ್ಯ ಬಂದು, 'ಗೌರಿ ಹಬ್ಬದೊಳಗೆ ನಾಲ್ಕೂ ಭರ್ತಿ ಆಗ್ಬೇಕು ತಾಯಿ, ಇಲ್ದಿದ್ರೆ ನಿಮ್ಮ ಟಿಕೆಟ್ಟು ರದ್ದು' ಎಂದ. ಅರವತ್ತು ಮನೆಯ ಬೀದಿಯಲ್ಲಿ ಒಬ್ಬಳು ಸಿಗುವುದಿಲ್ಲವೇ ಎಂದು ಜಗಲಿಯ ಮೇಲೆ ನಿಂತು ಒಂದೊಂದೇ ಬಾಗಿಲು ನೋಡುತ್ತ ಬಂದೆ. ಕಣ್ಣು ಎದುರುಮನೆಗೆ ಬಂದು ನಿಂತಿತು.

ಅಕ್ಕನನ್ನು ಯಾರೂ ತಾಂಬೂಲಕ್ಕೆ ಕರೆಯುತ್ತಿರಲಿಲ್ಲ. ಗಂಡ ಸತ್ತವಳಿಗೆ ಅರಿಸಿನ ಕುಂಕುಮವೂ ಇಲ್ಲ, ಎಲೆ ಅಡಿಕೆಯೂ ಇಲ್ಲ. ಶುಕ್ರವಾರ ಸಂಜೆ ಬೀದಿಯ ಹೆಂಗಸರೆಲ್ಲ ಮನೆಯಿಂದ ಮನೆಗೆ ಓಡಾಡುವಾಗ ಅವಳು ಬಾಗಿಲು ಮುಂದೆ ಮಾಡಿಕೊಂಡು ರಾಟೆ ತಿರುಗಿಸುತ್ತಿದ್ದಳು. ಹಾಗಾಗಿ ಅವಳಿಗೆ ಯಾವ ಚೀಟಿಯೂ ಬಿದ್ದಿರಲಿಲ್ಲ.

ಅಂದು ಸಂಜೆ ತಟ್ಟೆಯಲ್ಲಿ ಎರಡು ಎಳೆಯ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಇಟ್ಟುಕೊಂಡು, ಎಲೆಯ ಕೆಳಗೆ ಚೀಟಿ ತುರುಕಿ, ಸೆರಗು ಮುಚ್ಚಿಕೊಂಡು ಅವಳ ಮನೆಗೆ ಹೋದೆ. ಬಾಗಿಲು ತೆಗೆದವಳು ತಟ್ಟೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು.

'ಯಾರಿಗೆ ಇದು?'

'ನಿಂಗೇ ಅಕ್ಕ.'

'ನಂಗ್ಯಾಕೆ ಕಣೆ ತಾಂಬೂಲ? ನಿಮ್ಮತ್ತೆಗೆ ಗೊತ್ತಾದ್ರೆ ಬೈತಾರೆ. ತಗೊಂಡ್ಹೋಗು.'

'ಕೊಡ್ಬೇಕು ಅನ್ನಿಸ್ತು, ತಂದೆ. ಸೆರಗೊಡ್ಡು.'

ಹೀಗೆ ಹೇಳಿದೆ. ಒಂದು ಕ್ಷಣವೂ ನಾಲಿಗೆ ತೊದಲಲಿಲ್ಲ. ಅವಳು ಎರಡು ಕೈಯಲ್ಲೂ ಸೆರಗು ಹಿಡಿದಳು. ಎಲೆ ಬಿದ್ದ ಮೇಲೆ ಅದನ್ನು ಕಣ್ಣಿಗೊತ್ತಿಕೊಂಡು, 'ಹದಿನಾಲ್ಕು ವರ್ಷ ಆಯ್ತು ಕಣೆ' ಎಂದಳು. ಅವಳ ಕಣ್ಣಲ್ಲಿ ನೀರು. ನಾನು ಆಗಲೇ ಚೀಟಿ ಕಿತ್ತುಕೊಂಡು ಓಡಿಹೋಗಬೇಕಿತ್ತು. ಮನುಷ್ಯಳಾಗಿದ್ದರೆ ಹಾಗೇ ಮಾಡುತ್ತಿದ್ದೆ.

ಎಲೆಗಳನ್ನು ದೇವರ ಗೂಡಿನ ಮುಂದೆ ಇಡುವಾಗ ಚೀಟಿ ಕೆಳಗೆ ಬಿತ್ತು. 'ಇದೇನೇ?' ಎಂದಳು. ಹೊಲಿಗೆ ಯಂತ್ರ, ನಾಲ್ಕು ಬಾಲ, ಎಲ್ಲ ಹೇಳಿದೆ. ಅವಳು ಕೇಳಿ ಕೇಳಿ, 'ಇದೆಲ್ಲ ಹೆಂಗೆ ಆಗುತ್ತೆ ತಾಯಿ, ನಂಗ್ಯಾಕೋ ನಂಬಿಕೆ ಬರಲ್ಲ' ಎಂದಳು.

'ತುಪ್ಪ ಬೆಣ್ಣೆ ಆಗುತ್ತೆ ಅಂದ್ರೆ ನಂಬ್ತೀಯಾ, ನಾನು ಹೇಳಿದ್ರೆ ನಂಬಲ್ವಾ?' ಎಂದೆ. ನಕ್ಕುಕೊಂಡೇ ಅಂದೆ. ಅವಳೂ ನಕ್ಕಳು. ರವಿಕೆಯ ಬಟ್ಟೆಯ ಗಂಟು ಬಿಚ್ಚಿ ಎರಡು ರೂಪಾಯಿ ಕೊಟ್ಟಳು. 'ನೀನು ಹೇಳ್ತೀಯಾ ಅಂತ ಕೊಡ್ತಿದೀನಿ. ಶಿವಗಂಗೆ ಎಲ್ಲಿಗೂ ಓಡ್ಹೋಗಲ್ಲ' ಎಂದಳು.

ನನ್ನ ಪಾಪ ಅಲ್ಲಿಗೂ ನಿಲ್ಲಲಿಲ್ಲ. ನನಗೆ ಯಂತ್ರ ಬರಬೇಕಾದರೆ ಅವಳ ನಾಲ್ಕು ಬಾಲವೂ ಹೋಗಬೇಕಲ್ಲ! ಅವಳನ್ನು ದಿನಾ ಚುಚ್ಚತೊಡಗಿದೆ. 'ಅಕ್ಕ, ಎಷ್ಟಾಯ್ತು? ಹಂಗೆ ಮನೇಲಿ ಕೂತ್ರೆ ಯಾರು ಬರ್ತಾರೆ? ಹೋಗಿ ಕೇಳು.' ಅವಳು ಹಿಂದಿನ ಬೀದಿಗೆ ಹೋದಳು. ಬಣ್ಣದವರ ಓಣಿಗೆ ಹೋದಳು. ಯಾರೂ ಅವಳ ಕೈಯಿಂದ ಹಬ್ಬದ ಹತ್ತಿರ ಒಂದು ಕಾಗದದ ಚೂರನ್ನೂ ಮುಟ್ಟಲಿಲ್ಲ. ಒಬ್ಬಾಕೆ 'ಬೆಳಿಗ್ಗೆ ಬೆಳಿಗ್ಗೇನೆ ಬಂದ್ಬಿಟ್ಟೆಯಾ ಮುಂಡೆ' ಎಂದು ಬಾಗಿಲು ಹಾಕಿಕೊಂಡಳಂತೆ. ಹದಿನಾಲ್ಕು ವರ್ಷ ಯಾರ ಹೊಸ್ತಿಲಿಗೂ ಕರೆಯದೆ ಹೋಗಿ ಮಾತು ಕೇಳದಂತೆ ಜೋಪಾನವಾಗಿ ಬದುಕಿದ್ದವಳನ್ನು ನಾನು ಹೊಸ್ತಿಲಿಂದ ಹೊಸ್ತಿಲಿಗೆ ಅಟ್ಟಿದೆ.

'ಬೇಡ ಕಣೆ, ನನ್ನ ಕೈಲಿ ಆಗಲ್ಲ' ಎಂದು ಬಂದು ಹೇಳಿದಳು.

'ಸ್ವಲ್ಪ ಬಾಯಿ ಜೋರು ಮಾಡ್ಬೇಕಕ್ಕ. ನಿನ್ನಿಂದ ನಂದೂ ನಿಂತೋಗುತ್ತೆ' ಎಂದೆ. ಅವಳು ಚೀಟಿಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಮಾರನೆಯ ದಿನ ನಡೆದುಕೊಂಡೇ ದೇವನಹಳ್ಳಿಗೆ ಹೋಗಿ ತಮ್ಮನ ಹೆಂಡತಿಗೆ ಒಂದು ಬಾಲ ಕೊಟ್ಟುಬಂದಳು. ಆ ವರ್ಷದಿಂದ ಚಕ್ಕೋತ ಬರುವುದು ನಿಂತಿತು.

ಗೌರಿ ಹಬ್ಬ ಬಂತು, ಹೋಯಿತು. ಟಿಕೆಟ್ಟಿನ ಮನುಷ್ಯ ಬರಲಿಲ್ಲ. ದಸರೆಗೂ ಬರಲಿಲ್ಲ. ಬಾವಿಕಟ್ಟೆಯ ಮೇಲೆ ಗೊಣಗಾಟ ಶುರುವಾಯಿತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ನನಗೆ ಕೇಳುವಂತೆಯೇ ಆಡತೊಡಗಿದರು. ನಾನು ಗಂಡನನ್ನು ಕಾಡಿ ಬೇಡಿ ನನ್ನ ಜೊತೆ ಹೊರಡಿಸಿದೆ. ಟಿಕೆಟ್ಟಿನ ಹಿಂದೆ ಬೆಂಗಳೂರಿನ ವಿಳಾಸವಿತ್ತು. ಇದ್ದಿಲಿನ ಬಸ್ಸು ದಾರಿಯಲ್ಲಿ ಮೂರು ಸಲ ನಿಂತಿತು. ಏರಿನಲ್ಲಿ ಗಂಡಸರು ಇಳಿದು ತಳ್ಳಿದರು. ದಾರಿಯುದ್ದಕ್ಕೂ ಆ ಮನುಷ್ಯನಿಗೆ ಬೈಯಬೇಕಾದ ಬೈಗುಳಗಳನ್ನು ಜೋಡಿಸಿಕೊಂಡೆ.

ಪೇಟೆಯ ಸಂದಿಗೊಂದಿಯಲ್ಲಿ ಹುಡುಕಿ ಹೋದರೆ ಅದು ಕಂಪನಿಯೂ ಅಲ್ಲ, ಕಚೇರಿಯೂ ಅಲ್ಲ. ಒಂದು ವಠಾರದ ಕೊನೆಯ ಕೋಣೆ, ಅವನ ಮನೆ. ಕೋಟು ಗೂಟಕ್ಕೆ ನೇತುಹಾಕಿತ್ತು. ಅವನು ಬನಿಯನ್ನಿನಲ್ಲಿ ಕೂತಿದ್ದ, ಹೆಂಡತಿ ಒಲೆ ಊದುತ್ತಿದ್ದಳು. ನಮ್ಮನ್ನು ನೋಡಿದವನೇ ಎದ್ದು ಕೈಮುಗಿದ.

'ನಾನೂ ಕಾಯ್ತಿದೀನಿ ಸ್ವಾಮಿ' ಎಂದು ಟ್ರಂಕಿನಿಂದ ತನ್ನ ಟಿಕೆಟ್ಟು ತೆಗೆದು ತೋರಿಸಿದ. ಅವನೂ ಯಾರದೋ ನಾಲ್ಕರಲ್ಲಿ ಒಬ್ಬ. ನಮ್ಮ ದುಡ್ಡನ್ನೆಲ್ಲ ತನಗೆ ಟಿಕೆಟ್ಟು ಕೊಟ್ಟವನಿಗೆ ಕೊಟ್ಟಿದ್ದ, ಆ ಮನುಷ್ಯ ಮದರಾಸಿಗೆ ಕಳಿಸಿದೆ ಎನ್ನುತ್ತಿದ್ದ. ಮದರಾಸಿನಿಂದ ಕಾಗದಕ್ಕೆ ಉತ್ತರವಿಲ್ಲ. ಕೋಣೆಯನ್ನೆಲ್ಲ ಒಮ್ಮೆ ಕಣ್ಣಾಡಿಸಿದೆ. ಅವನ ಮನೆಯಲ್ಲೂ ಹೊಲಿಗೆ ಯಂತ್ರ ಇರಲಿಲ್ಲ. ಅವನ ಹೆಂಡತಿಯ ರವಿಕೆಯ ತೋಳು ಕೈಹೊಲಿಗೆಯದು. ಜೋಡಿಸಿಕೊಂಡು ಹೋಗಿದ್ದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಅವಳು ಕೊಟ್ಟ ನೀರು ಕುಡಿದು ವಾಪಸು ಬಂದೆವು.

ಊರಿಗೆ ಬಂದು ಹೇಳಿದ ದಿನ ಬಾವಿಕಟ್ಟೆಯಲ್ಲಿ ನನ್ನನ್ನು ಹರಿದು ತಿನ್ನುವುದೊಂದು ಬಾಕಿ. 'ಲಕ್ಷ್ಮಿ ಹೆಸರಲ್ಲಿ ಟೋಪಿ ಹಾಕ್ಬಿಟ್ಟಳಲ್ಲೇ!' ಎಂದರು. ನಾನೂ ಸುಮ್ಮನಿರುವವಳಲ್ಲ. 'ನಾನೊಬ್ಬಳೇನಾ ಇಟ್ಟಿದ್ದು? ನೀವೆಲ್ಲ ಎಲೆ ಕೆಳಗೆ ಏನಿಟ್ರಿ, ಲವಂಗಾನಾ?' ಎಂದು ಕೊಡ ಕುಕ್ಕಿದೆ. ಆಗ ಮೂಲೆಮನೆಯಾಕೆ ಅಂದಳು.

'ನಾವು ಮುತ್ತೈದೇರಿಗೆ ಇಟ್ವಿ. ನೀನು ನಾಲ್ಕನೇದು ಗಿಟ್ಟಲಿಲ್ಲ ಅಂತ ಆ ಗಂಡ ಸತ್ತೋಳ ಸೆರಗಿಗೂ ಹಾಕಿ ಬಂದ್ಯಲ್ಲ, ಅಷ್ಟು ಕೆಳಗೆ ನಾವು ಇಳೀಲಿಲ್ಲಮ್ಮ.'

ತಿರುಗಿ ನೋಡಿದರೆ ಅಕ್ಕ ಕೊಡ ಹಿಡಿದು ನಿಂತಿದ್ದಳು. ಎಲ್ಲರೂ ಸೇದಿಕೊಂಡ ಮೇಲೆ ಸೇದಲು ಅವಳು ಯಾವಾಗಲೂ ಸ್ವಲ್ಪ ದೂರದಲ್ಲಿ ಕಾಯುತ್ತಿದ್ದಳು. ಅವಳನ್ನು ಯಾರೂ ಗಮನಿಸಿರಲಿಲ್ಲ. ನೀರು ತುಂಬಿಕೊಳ್ಳದೆ ಹಾಗೇ ಮನೆಗೆ ಹೋದಳು.

ಸಂಜೆ ನಾನೇ ಹೋದೆ. ರಾಟೆ ತಿರುಗುತ್ತಿತ್ತು. ನನ್ನನ್ನು ಕಂಡು ನಿಲ್ಲಿಸಿದಳು.

'ನಾಲ್ಕನೇದು ಸಿಗ್ಲಿಲ್ಲ ಅಂತ ತಂದ್ಯೇನೇ?' ಎಂದು ಕೇಳಿದಳು. ದನಿ ಏರಲಿಲ್ಲ, ಇಳಿಯಲಿಲ್ಲ.

ಅಲ್ಲಕ್ಕ ಎಂದು ಒಂದು ಸುಳ್ಳು ಹೇಳಬಹುದಿತ್ತು. ಅಷ್ಟೊಂದು ಸುಳ್ಳು ಸಲೀಸಾಗಿ ಹೇಳಿದ ಬಾಯಿಗೆ, ಹೇಳಿದ್ದರೆ ಪುಣ್ಯ ಬರುತ್ತಿದ್ದ ಆ ಒಂದೇ ಒಂದು ಸುಳ್ಳು ಬರಲಿಲ್ಲ.

'ದುಡ್ಡು ಹೋದ್ರೆ ಹಾಳಾಗ್ಹೋಗ್ಲಿ' ಎಂದಳು. 'ಚೀಟಿ ನಿನ್ನ ಕೆಲಸಕ್ಕೆ, ತಾಂಬೂಲ ನಂಗೆ ಅಂದ್ಕೊಂಡಿದ್ದೆ.'

ಅಷ್ಟೇ. ಮತ್ತೆ ರಾಟೆ ತಿರುಗಿಸಿದಳು. ಬೈದಿದ್ದರೆ, ಕೂದಲು ಹಿಡಿದು ಎರಡು ಕೊಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಕಾರ್ತಿಕದಲ್ಲಿ ನನ್ನ ಬೆಳ್ಳಿಯ ಕಾಲುಂಗುರ ಮಾತ್ರ ಉಳಿಸಿಕೊಂಡು ಕಾಲ್ಗೆಜ್ಜೆ ಮಾರಿದೆ. ನನ್ನ ನಾಲ್ವರ ದುಡ್ಡನ್ನೂ ತೀರಿಸಿದೆ. ಉಳಿದವರದು ಅವರವರ ಹಣೆಬರಹ ಎಂದು ಬಿಟ್ಟೆ, ಅದೂ ಸರಿಯಲ್ಲ ಎಂದು ಈಗ ಅನ್ನಿಸುತ್ತದೆ. ಅಕ್ಕ ತನ್ನ ಎರಡು ರೂಪಾಯಿಯನ್ನು ಬೇಡ ಎನ್ನಲಿಲ್ಲ, ತೆಗೆದುಕೊಂಡು ಗಂಟಿಗೆ ಸೇರಿಸಿದಳು. ಸಂಕ್ರಾಂತಿಗೆ ಹಿಂದಿನ ಬೀದಿಯವರ ಗಾಡಿಯಲ್ಲಿ ಶಿವಗಂಗೆಗೂ ಹೋಗಿಬಂದಳು. ಪ್ರಸಾದ ಎಲ್ಲರ ಮನೆಗೂ ಕಳಿಸಿದಳು, ನನಗೂ. ನಾನೇ ಹೋಗಿ 'ಆಯ್ತಾ ಅಕ್ಕ, ಬೆಣ್ಣೆ?' ಎಂದು ಕೇಳಿದೆ. 'ಆಗುತ್ತೆ ಕಣೆ. ಕಣ್ಣಾರೆ ನೋಡ್ದೆ' ಎಂದಳು. ಮಾತು ಬಿಡಲಿಲ್ಲ, ಮುಖ ತಿರುಗಿಸಲಿಲ್ಲ. ನನ್ನ ಬುಟ್ಟಿಯ ಸಡಿಲ ಕಂಡಿಕೆಯನ್ನು ಮಾತ್ರ ಮತ್ತೆಂದೂ ಬಿಚ್ಚಿ ಸುತ್ತಲಿಲ್ಲ.

ಆಮೇಲಿನ ಕಾಲದಲ್ಲಿ ಇಂಥವನ್ನು ಎಷ್ಟು ಕಂಡೆ! ನನ್ನ ಮಗಳ ಕಾಲಕ್ಕೆ ಸ್ಟೀಲು ಪಾತ್ರೆಯ ಸ್ಕೀಮು ಬಂತು. ಸೊಸೆಯ ಕಾಲಕ್ಕೆ ಸೋಪಿನ ಪುಡಿ, ಮೊಮ್ಮಗಳ ಕಾಲಕ್ಕೆ ಡಬ್ಬಿಯಲ್ಲಿ ಶಕ್ತಿ ಪುಡಿ. ಬಾಲ ಹೋಗಿ ಚೈನ್ ಆಯಿತು, ಚೈನ್ ಹೋಗಿ ನೆಟ್‌ವರ್ಕ್ ಆಯಿತು. ಜಗಲಿಯ ಮೇಲೆ ಮಜ್ಜಿಗೆ ಕುಡಿದು ಹೇಳುತ್ತಿದ್ದದ್ದನ್ನು ಈಗ ಬೆಂಗಳೂರಿನ ದೊಡ್ಡ ಹಾಲಿನಲ್ಲಿ ಮೈಕು ಹಿಡಿದು ಹೇಳುತ್ತಾರಂತೆ, ಜನ ಎದ್ದು ಚಪ್ಪಾಳೆ ತಟ್ಟುತ್ತಾರಂತೆ. ಡಬ್ಬಿಯೊಳಗೆ ನಿಜವಾಗಿ ಪುಡಿಯಾದರೂ ಇರುತ್ತದೆ, ನಮಗೆ ಅದೂ ಇರಲಿಲ್ಲ ಎನ್ನಿ. ಮೊನ್ನೆ ಮೊಮ್ಮಗಳು ಡಬ್ಬಿ ತಂದು, 'ಅಜ್ಜಿ, ಗೊತ್ತಿಲ್ದೋರ ಹತ್ರ ಹೋಗೋದು ವೇಸ್ಟು, ಮೊದಲು ನಮ್ಮೋರ ಲಿಸ್ಟ್ ಮಾಡ್ಬೇಕು ಅಂತ ಟ್ರೈನಿಂಗಲ್ಲಿ ಹೇಳ್ಕೊಟ್ರು' ಎಂದಳು. ನಮ್ಮೋರು, ಅಂದರೆ ಬೇಡ ಎನ್ನಲಾರದವರು. ಅದನ್ನು ಕಲಿಸಲು ಟ್ರೈನಿಂಗು ಬೇರೆ! ಅವಳಿಗೆ ಈ ಕಥೆಯನ್ನೆಲ್ಲ ಹೇಳಿದೆ. 'ಆವಾಗಿಂದು ಫ್ರಾಡ್ ಅಜ್ಜಿ, ಇದು ಹಂಗಲ್ಲ' ಎಂದು ಕೆನ್ನೆ ಗಿಂಡಿ ಹೋದಳು.

ಒಂದು ಮಾತು ಉಳಿಯಿತು. ಅವಳಿಗೂ ಹೇಳಲಿಲ್ಲ.

ಶಿವಗಂಗೆಯ ಮರುವರ್ಷ ನನಗೆ ಹೆಣ್ಣು ಹುಟ್ಟಿತು. ನಾಮಕರಣದ ದಿನ ಬೀದಿಯೆಲ್ಲ ಬಂದಿತ್ತು, ಮೂಲೆಮನೆಯಾಕೆಯೂ ಬಂದಿದ್ದಳು. ನನಗೊಂದು ಹಟ. ಮೊದಲ ತಾಂಬೂಲ ಅಕ್ಕನಿಗೇ ಕೊಡಬೇಕು, ಎಲ್ಲರ ಎದುರು. ಅತ್ತೆ ಅಡುಗೆಮನೆಗೆ ಎಳೆದುಕೊಂಡು ಹೋಗಿ, 'ಮಗು ತೊಟ್ಟಿಲಲ್ಲಿರುವಾಗ ಎಂಥಾ ಅಪಶಕುನ ಮಾಡ್ತೀಯೇ' ಎಂದು ಹಲ್ಲು ಕಡಿದರು. 'ಮಗು ನಂದು. ಶಕುನಾನೂ ನಂದೇ' ಎಂದೆ. ಜೀವನದಲ್ಲಿ ಅವರಿಗೆ ನಾನು ಎದುರಾಡಿದ್ದರಲ್ಲಿ ಪಶ್ಚಾತ್ತಾಪವಿಲ್ಲದ್ದು ಅದೊಂದೇ.

ಒಳ್ಳೆಯ ಎಲೆಗಳನ್ನೇ ಆರಿಸಿದ್ದೆ. ಅಡಿಕೆ, ಹಣ್ಣು, ನಮ್ಮದೇ ಮಗ್ಗದ ಒಂದು ರವಿಕೆ ಕಣ. ಬಾಗಿಲ ಹೊರಗೆ ಜಗಲಿಯ ಅಂಚಿನಲ್ಲಿ ನಿಂತಿದ್ದ ಅಕ್ಕನ ಕೈ ಹಿಡಿದು ಒಳಗೆ ಕರೆತಂದು, ತೊಟ್ಟಿಲ ಪಕ್ಕ ನಿಲ್ಲಿಸಿ, 'ಸೆರಗೊಡ್ಡಕ್ಕ' ಎಂದೆ. ಅವಳು ಸುತ್ತ ಒಮ್ಮೆ ನೋಡಿದಳು. ನನ್ನ ಮುಖ ನೋಡಿದಳು. ಬೇಡ ಎನ್ನಲಿಲ್ಲ, ಸೆರಗೊಡ್ಡಿದಳು. ನಾನು ಹಾಕಿದೆ.

ಅವಳು ಕಣ್ಣಿಗೊತ್ತಿಕೊಳ್ಳುತ್ತಾಳೆ ಎಂದು ಕಾದೆ. ಅವಳು ಹಾಗೆ ಮಾಡಲಿಲ್ಲ. ಬಲಗೈಯಿಂದ ಮೇಲಿನ ಎಲೆ ಎತ್ತಿ ಕೆಳಗೆ ನೋಡಿದಳು. ಎರಡನೆಯ ಎಲೆಯನ್ನೂ ಎತ್ತಿ ನೋಡಿದಳು.